ಬಾರಾ ಕಮಾನಿನ ಎಳೆಬಿಸಿಲು

ಶಿಳ್ಳೆ ಎರಡು ಸಲ ಕೇಳಿತು. ನನಗಲ್ಲ ಅಂದುಕೊಂಡು ಹಾಗೇ ಕುಳಿತಿದ್ದೆ. ಮೂರನೆಯ ಸಲ ಶಿಳ್ಳೆಯ ಬೆನ್ನಿಗೇ ಮಾತೂ ಬಂತು.

"ಅಜ್ಜಾರ, ಅಲ್ಲಿ ಕೂಡಂಗಿಲ್ರಿ. ಕೆಳಗ ಇಳೀರಿ."

ಕಿವಿ ಮುಚ್ಚುವಂತೆ ಮಫ್ಲರು ಸುತ್ತಿಕೊಂಡಿದ್ದ ಕಾವಲು ಹುಡುಗ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಬೆಂಗಳೂರಿನಲ್ಲಿ ನನ್ನನ್ನು ಅಂಕಲ್ ಅನ್ನುತ್ತಾರೆ, ಸರ್ ಅನ್ನುತ್ತಾರೆ. ಅಜ್ಜ ಅನ್ನಿಸಿಕೊಂಡದ್ದು ಅದೇ ಮೊದಲು. ಅದೂ ನನ್ನೂರಲ್ಲಿ, ಚೊಣ್ಣ ಹಾಕಿಕೊಂಡು ನಾನು ಜಾರಿ ಜಾರಿ ಬೀಳುತ್ತಿದ್ದ ಕಟ್ಟೆಯ ಮೇಲೆ. 'ತಮ್ಮಾ, ನಿಮ್ಮಪ್ಪ ಹುಟ್ಟೂದಕ್ಕಿಂತ ಮೊದಲ ನಾ ಇಲ್ಲಿ ಕೂತಾಂವ' ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅನ್ನಲಿಲ್ಲ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಮೆಲ್ಲಗೆ ಇಳಿದು ಹುಲ್ಲುಹಾಸಿನ ಪಕ್ಕದ ಸಿಮೆಂಟಿನ ಬೆಂಚಿಗೆ ಹೋಗಿ ಕುಳಿತೆ. ಬೆಂಚು ಇನ್ನೂ ನೆರಳಿನಲ್ಲಿತ್ತು. ಕೂತರೆ ತಣ್ಣಗೆ ಕೊರೆಯಿತು.

2024ರ ಜನವರಿ. ಆ ವರ್ಷ ಎಳ್ಳಮವಾಸ್ಯೆಗೂ ಸಂಕ್ರಮಣಕ್ಕೂ ನಾಲ್ಕೇ ದಿನದ ಅಂತರ ಬಿದ್ದಿತ್ತು. ಎರಡನ್ನೂ ಮುಗಿಸಿಕೊಂಡು ಹೋಗು ಎಂದು ತಂಗಿ ಕರೆದಿದ್ದಳು. 2014ರ ನವೆಂಬರ್ 1ರಿಂದ ನನ್ನ ಊರಿನ ಹೆಸರು ವಿಜಯಪುರ. ನಾವು ಮೊದಲಿನಿಂದಲೂ ಬಾಯಲ್ಲಿ ವಿಜಾಪುರ ಅನ್ನುತ್ತಿದ್ದವರು, ಕಾಗದದಲ್ಲಿ ಬಿಜಾಪುರ ಎಂದು ಬರೆಯುತ್ತಿದ್ದವರು. ಹೊಸ ಹೆಸರು ನಮಗೆ ಅಷ್ಟೇನೂ ದೂರದ್ದಲ್ಲ. ಆದರೆ ಬಸ್ಸಿನ ಫಲಕ ನೋಡಿದಾಗೆಲ್ಲ ಅರೆಗಳಿಗೆ ಬೇಕು, ಅದು ನನ್ನೂರಿನದೇ ಎಂದು ಹೊಳೆಯಲು.

ಈ ಊರನ್ನು ಜನ ಸಾಮಾನ್ಯವಾಗಿ ಬೇಸಿಗೆಯಿಂದ ಅಳೆಯುತ್ತಾರೆ. ತಪ್ಪಲ್ಲ. ಮಾರ್ಚ್ ಬಂತೆಂದರೆ ಕರಿಗಲ್ಲಿನ ಗೋಡೆಗಳು ರಾತ್ರಿ ಹನ್ನೊಂದಕ್ಕೂ ಝಳ ಬಿಡುತ್ತವೆ. ವರ್ಗವಾಗಿ ಬಂದ ಅಧಿಕಾರಿಗಳು ಏಪ್ರಿಲಿನಲ್ಲಿ ಸೇರಿ ಮೇ ತಿಂಗಳಲ್ಲಿ ಅರ್ಜಿ ಹಾಕಿ ಹೋಗುವ ಊರು ಎಂಬ ಚೇಷ್ಟೆಯ ಮಾತು ಅಪ್ಪನ ಕಚೇರಿಯಲ್ಲಿತ್ತು. ಅವರಿಗೆ ಯಾರಾದರೂ ಹೇಳಬೇಕಿತ್ತು, ಡಿಸೆಂಬರ್‌ತನಕ ತಡೀರಿ ಎಂದು. ದೀಪಾವಳಿ ಕಳೆದ ಮೇಲೆ ಇಲ್ಲಿಯ ಗಾಳಿ ಒಣಗುತ್ತದೆ, ಆಕಾಶ ತೊಳೆದಿಟ್ಟ ತಾಟಿನ ಹಾಗಾಗುತ್ತದೆ. ಪುಷ್ಯದ ಹೊತ್ತಿಗೆ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ನಾವು ಚಳಿ ಅನ್ನುವವರಲ್ಲ. ನಮ್ಮದು ಥಂಡಿ. ಹಲ್ಲು ಕಟಕಟ ಅನ್ನಿಸಿ, ತುಟಿ ಒಡೆಸಿ, ಹತ್ತು ಗಂಟೆಗೆಲ್ಲ ಹೇಳದೆ ಎದ್ದು ಹೋಗುವ ಥಂಡಿ. ಅಲ್ಲಿಂದ ಸಂಜೆ ಐದರತನಕ ಬಿಸಿಲು ಮೈಮೇಲೆ ಕೈಯಿಟ್ಟ ಹಾಗಿರುತ್ತದೆ.

ಆ ಬಿಸಿಲು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂಬುದು ನಮ್ಮ ಓಣಿಯ ಹುಡುಗರಿಗೆ ಮಗ್ಗಿಗಿಂತ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಏಳಕ್ಕೆ ಬಾರಾ ಕಮಾನಿನ ಮೂಡಲ ಕಟ್ಟೆ. ಇಲ್ಲಿ ಮಲಗಿರುವ ಎರಡನೆಯ ಅಲಿ ಆದಿಲ್‌ಶಾಹ ತನ್ನ ಅಪ್ಪನ ಗೋಳಗುಮ್ಮಟವನ್ನು ಮೀರಿಸುವ ಗೋರಿ ಕಟ್ಟಿಸಲು ಹೊರಟ. 1672ರಲ್ಲಿ ಅವನು ಸತ್ತಾಗ ಕಮಾನುಗಳಷ್ಟೇ ಎದ್ದಿದ್ದವು. ಮೇಲಿನ ಗುಮ್ಮಟ ಬರಲೇ ಇಲ್ಲ. ಮುಗಿದಿದ್ದರೆ ಇದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತಿತ್ತು, ಅದಕ್ಕೇ ನಿಲ್ಲಿಸಿದರು ಎಂಬ ಕತೆಯನ್ನು ಟಾಂಗಾದವರು ಪ್ರವಾಸಿಗರಿಗೆ ಹೇಳುತ್ತಿದ್ದರು. ಎರಡರ ನಡುವಿನ ದೂರ ನೋಡಿದವರಿಗೆ ನಗು ಬರಬೇಕು. ಆದರೆ ಟಾಂಗಾದವರ ಮುಖ ನೋಡಿದರೆ ನಂಬಲೇಬೇಕು ಅನ್ನಿಸುತ್ತಿತ್ತು. ನಮ್ಮ ಲೆಕ್ಕ ಬೇರೆ: ಸುಲ್ತಾನ ಕೆಲಸ ಅರ್ಧಕ್ಕೆ ಬಿಟ್ಟದ್ದು ನಮಗೆ ಒಳ್ಳೆಯದೇ ಆಯಿತು. ಮೇಲೆ ಗುಮ್ಮಟ ಕೂತಿದ್ದರೆ ಒಳಗೆ ಬಿಸಿಲೆಲ್ಲಿಂದ ಬರಬೇಕು?

ಆ ಕರಿಗಲ್ಲಿನ ಗುಣವೇ ಅಂಥದ್ದು. ಅರ್ಧ ತಾಸು ಬಿಸಿಲು ತಾಗಿದರೆ ಸಾಕು, ತಾನು ಕುಡಿದದ್ದನ್ನು ಮೆಲ್ಲಗೆ ನಮ್ಮ ಬೆನ್ನಿಗೆ ದಾಟಿಸಲು ತೊಡಗುತ್ತದೆ. ಅಂಗಿ ಮೇಲೆತ್ತಿ ಬರಿಬೆನ್ನನ್ನೇ ಕಮಾನಿಗೆ ಹಚ್ಚಿ ಕೂರುತ್ತಿದ್ದೆವು. ಮಧ್ಯಾಹ್ನ ಸೂಟಿಯಿದ್ದರೆ ಗೋಳಗುಮ್ಮಟದ ತೆಂಕಣ ಮೆಟ್ಟಿಲು. ಸಂಜೆ ಉಪ್ಪಲಿ ಬುರುಜು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಆ ಗೋಪುರಕ್ಕೆ ಮೆಟ್ಟಿಲು ಹೊರಗಿನಿಂದಲೇ ಸುತ್ತಿಕೊಂಡು ಹೋಗುತ್ತವೆ. ಹತ್ತುತ್ತ ಹೋದರೆ ನೆರಳಿನಿಂದ ಬಿಸಿಲಿಗೆ ಬರುತ್ತೀರಿ. ಮೇಲೆ ಎರಡು ಉದ್ದನೆಯ ತೋಪುಗಳು. ಅವುಗಳ ಮೇಲೆ ಕುದುರೆಯಂತೆ ಕುಳಿತು ಸೂರ್ಯ ಮುಳುಗುವುದನ್ನು ನೋಡಿ ಇಳಿಯುವುದು. ಇಳಿಯುವ ಹೊತ್ತಿಗೆ ಮೂಗಿನ ತುದಿ ತಣ್ಣಗಾಗಿರುತ್ತಿತ್ತು.

ಮುಲುಕ ಮೈದಾನ ತೋಪು ಮಾತ್ರ ಬಿಸಿಲಿಗೆ ಬಗ್ಗುವುದಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್, ಬಾಯಿ ತೆರೆದ ಸಿಂಹದ ಮುಖ. ಬೇಸಿಗೆಯಲ್ಲೂ ಮುಟ್ಟಿದರೆ ತಣ್ಣಗಿರುತ್ತದೆ ಎಂದು ಹೆಸರು. ಜನವರಿಯ ಬೆಳಗಿನಲ್ಲಿ ಅದರ ಮೇಲೆ ಎರಡೂ ಅಂಗೈ ಊರಿ ನೂರು ಎಣಿಸುವವರೆಗೆ ತೆಗೆಯದಿರುವುದು ನಮ್ಮ ಪಂದ್ಯ. ನಾನು ಅರವತ್ತು ದಾಟಿದವನಲ್ಲ. 1854ರಲ್ಲಿ ಇಂಗ್ಲಿಷರು ಈ ತೋಪನ್ನು ಹರಾಜಿಗೆ ಹಾಕಿ, ನೂರಾ ಐವತ್ತು ರೂಪಾಯಿಗೆ ಸವಾಲು ನಿಂತು, ಆಮೇಲೆ ಮನಸ್ಸು ಬದಲಿಸಿ ಮಾರಾಟ ರದ್ದು ಮಾಡಿದರಂತೆ. ಇದನ್ನು ಮಾಸ್ತರರಿಂದ ಕೇಳಿ ಮನೆಯಲ್ಲಿ ಹೇಳಿದರೆ ಅವ್ವ, "ನಿಮ್ಮಪ್ಪನ ಒಂದ ತಿಂಗಳ ಪಗಾರ ಆತು ನೋಡು. ತೋಪು ತಂದು ಅಂಗಳದಾಗ ಇಟ್ಟಕೊಂಡು ತಿಂಗಳಾನಗಟ್ಲೆ ಉಪಾಸ ಕೂಡಬಹುದಾಗಿತ್ತು" ಅಂದಳು.

ಊಟದ ಸುಖ ಊರ ಹೊರಗಿತ್ತು. ಮಾಮಾನ ಹೊಲ ಡೋಣಿ ಸಾಲಿನದು. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎಂಬ ಗಾದೆಯನ್ನು ಅವನು ತನ್ನ ಸ್ವಂತ ಆಸ್ತಿಯ ಹಾಗೆ ಹೇಳುತ್ತಿದ್ದ. ಹಿಂಗಾರಿ ಬಿಳಿಜೋಳದ ಚಮತ್ಕಾರ ಬಯಲುಸೀಮೆಯ ಆಚೆಯವರಿಗೆ ಹೇಳಿದರೂ ನಂಬುವುದಿಲ್ಲ. ಮಳೆ ಹೊರಡುವ ಹೊತ್ತಿಗೆ ಬಿತ್ತುವುದು. ಆಮೇಲೆ ಮೇಲಿನಿಂದ ಹನಿ ಬೀಳದಿದ್ದರೂ ಎರೆಮಣ್ಣು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡ ತೇವದ ಮೇಲೆ, ರಾತ್ರಿಯ ಥಂಡಿಯ ಮೇಲೆ ಅದು ಆಳೆತ್ತರ ಬೆಳೆಯುತ್ತದೆ. ತೆನೆಯ ಕಾಳು ಹಾಲು ಬಿಟ್ಟು ಇನ್ನೇನು ಗಟ್ಟಿಯಾಗಬೇಕು, ಆ ಎಂಟು ಹತ್ತು ದಿನ ಸೀತನಿಯ ದಿನ. ಹೊಲದ ಬದುವಿನಲ್ಲಿ ಮೊಳಕಾಲುದ್ದದ ಕುಣಿ ತೋಡಿ ಕುಳ್ಳು ಹೊತ್ತಿಸಿ, ಕೆಂಡ ಬೂದಿ ಮುಚ್ಚಿಕೊಂಡ ಮೇಲೆ ಅದರೊಳಗೆ ಹಸಿ ತೆನೆ ತೂರಿಸುವುದು. ಚಟ್ ಚಟ್ ಸದ್ದಾದಾಗ ತೆಗೆದು ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಬೇಕು. ಊದಿದರೆ ಹೊಟ್ಟು ಹಾರಿ ಹಸಿರು ಕಾಳು ಉಳಿಯುತ್ತದೆ. ಜೊತೆಗೆ ಗುರೆಳ್ಳ ಹಿಂಡಿ, ಶೇಂಗಾ ಹಿಂಡಿ, ಬೆಲ್ಲ. ಮಾಮಾನ ಅಂಗೈ ಕಮತದ ಕೈ, ಅವನಿಗೆ ಬಿಸಿ ತಾಗುತ್ತಲೇ ಇರಲಿಲ್ಲ. ನಮ್ಮ ಅಪ್ಪ ಟೈಪ್‌ರೈಟರಿನ ಮನುಷ್ಯ. ಒಂದು ತೆನೆ ತಿಕ್ಕಿ ಮೂರು ಸಲ ಕೈ ಝಾಡಿಸುತ್ತಿದ್ದ. ಭಾವ ಮೈದುನರ ನಡುವೆ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಏಕೈಕ ಸ್ಪರ್ಧೆ ಅದು. ಗೆಲ್ಲುವವರು ಯಾರೆಂಬುದು ಮೊದಲೇ ಗೊತ್ತಿರುತ್ತಿತ್ತು.

ಇದನ್ನೆಲ್ಲ ನಾನು ಒಮ್ಮೆ ಬರೆದಿದ್ದೆ. ಇಪ್ಪತ್ತು ವರ್ಷ ಮೇಲಾಯಿತು. ಒಂದು ವಿಶೇಷಾಂಕಕ್ಕೆ ಬಾಲ್ಯದ ಚಳಿಗಾಲ ಎಂದು ಲೇಖನ ಕೇಳಿದ್ದರು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಊರನ್ನು ನೆನೆಯುವವನಿಗೆ ಬರೆಯಲು ಎಷ್ಟು ಹೊತ್ತು? ಒಂದೇ ರಾತ್ರಿಗೆ ಮುಗಿಸಿದೆ. ಅದರಲ್ಲಿ ಎಲ್ಲಕ್ಕಿಂತ ಚೆಂದವಾಗಿ ಬಂದದ್ದು ಒಂದು ವಿಶೇಷ ಥಂಡಿಗಾಲದ ವರ್ಣನೆ. ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ. ನಮ್ಮ ಓಣಿಯ ಹಿಂದೆ ಹೆಸರಿಲ್ಲದ ಒಂದು ಹಾಳು ಗುಮ್ಮಟವಿತ್ತು. ವಿಜಾಪುರದಲ್ಲಿ ಅಂಥವು ಬೇಕಾದಷ್ಟು, ಒಳಗೆ ಮಲಗಿದವನು ಸರದಾರನೋ ಸಂತನೋ ಯಾರಿಗೂ ಗೊತ್ತಿರುವುದಿಲ್ಲ. ಆ ವರ್ಷ ಅದರ ಕಮಾನುಗಳ ಕೆಳಗೆ ದಿಢೀರನೆ ಹತ್ತು ಹದಿನೈದು ಮನೆತನಗಳು ಬಂದು ಇಳಿದವು. ಹಳ್ಳಿಯ ಜನ. ರಾತ್ರಿಯಾದರೆ ಮೂರು ಕಡೆ ಬೆಂಕಿ. ಸುತ್ತ ಕುಳಿತು ಹಾಡುವವರು, ಒಗಟು ಹೇಳುವ ಮುದುಕಿಯರು, ನಮಗೆ ಆಡಲು ಇದ್ದಕ್ಕಿದ್ದಂತೆ ಇಪ್ಪತ್ತು ಹೊಸ ಗೆಳೆಯರು. ಊರಿಗೆ ಜಾತ್ರೆಯೇ ಬಂದು ಮೂರು ತಿಂಗಳು ನಿಂತ ಹಾಗಿತ್ತು ಎಂದು ಬರೆದಿದ್ದೆ. ಆ ವಾಕ್ಯದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಸಂಪಾದಕರು ನನಗೆ ಒಂದು ಪೋಸ್ಟ್‌ಕಾರ್ಡ್ ಕಳಿಸಿಕೊಟ್ಟರು. ಓದುಗರೊಬ್ಬರದು. ಕೆಳಗೆ ಸಹಿಯಿತ್ತು, ಹೆಸರು ಓದಲಾಗಲಿಲ್ಲ, ವಿಳಾಸವಿರಲಿಲ್ಲ. ನಾಲ್ಕೇ ಸಾಲು. ನೀವು ಬರೆದ ಬೆಂಕಿಯ ಮುಂದೆ ನಾನೂ ಕುಳಿತಿದ್ದೆ. ಅದು 1972ರ ಬರ. ನಾವು ಜಾತ್ರೆಗೆ ಬಂದಿರಲಿಲ್ಲ. ನಮಸ್ಕಾರ.

ನಾನು ಸುಳ್ಳು ಬರೆದಿರಲಿಲ್ಲ. ಹತ್ತು ವರ್ಷದ ಹುಡುಗನಿಗೆ ಅದು ಜಾತ್ರೆಯ ಹಾಗೇ ಕಂಡಿತ್ತು. ಆದರೆ ಬರೆದವನಿಗೆ ಹತ್ತು ವರ್ಷವಾಗಿರಲಿಲ್ಲ, ನಲವತ್ತಾಗಿತ್ತು. ಪತ್ರಿಕೆ ಓದುತ್ತಿದ್ದವ. 1972ರಲ್ಲಿ ಮಹಾರಾಷ್ಟ್ರದಿಂದ ಹಿಡಿದು ನಮ್ಮ ಸೀಮೆಯತನಕ ಮುಂಗಾರು ಕೈಕೊಟ್ಟದ್ದು, ಹಿಂಗಾರಿಯೂ ಬಾರದ್ದು ನನಗೆ ತಿಳಿಯದ ಸಂಗತಿಯಲ್ಲ. ಎರಡು ಸಂಗತಿಗಳು ತಲೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿದ್ದವು. ನಡುವಿನ ಬಾಗಿಲು ತೆಗೆಯಲು ನನಗೆ ಪುರುಸೊತ್ತಾಗಿರಲಿಲ್ಲ, ಅಥವಾ ಮನಸ್ಸಿರಲಿಲ್ಲ.

ಆ ಕಾರ್ಡು ಬಂದ ಮೇಲೆ ಒಂದೊಂದೇ ಬೇರೆ ಬೆಳಕಿನಲ್ಲಿ ಕಾಣತೊಡಗಿತು. ಆ ವರ್ಷ ನಾವು ಸೀತನಿಗೆ ಹೋಗಿರಲಿಲ್ಲ. ಹಾಗಿದ್ದೂ ನನ್ನ ಲೇಖನದಲ್ಲಿ ಅದೇ ವರ್ಷದ ಬೆಂಕಿಯಲ್ಲಿ ಸೀತನಿ ಸುಟ್ಟಿದ್ದೆ! ನೆನಪು ಯಾವ ನಾಚಿಕೆಯೂ ಇಲ್ಲದೆ ಎರಡು ವರ್ಷಗಳನ್ನು ಒಂದು ಮಾಡಿಬಿಟ್ಟಿತ್ತು. ಮಾಮಾ ಆ ಥಂಡಿಯಲ್ಲಿ ಎರಡು ಸಲ ನಮ್ಮ ಮನೆಗೆ ಬಂದಿದ್ದ, ಕೈಯಲ್ಲಿ ಏನೂ ಇಲ್ಲದೆ. ಜೋಳದ ಚೀಲವಿಲ್ಲದೆ ಅವನು ಬಂದದ್ದು ಅದೇ ಮೊದಲು. ಅಪ್ಪನೊಂದಿಗೆ ಹೊರಗಿನ ಕಟ್ಟೆಯ ಮೇಲೆ ಸಣ್ಣ ದನಿಯಲ್ಲಿ ಮಾತಾಡಿ ಹೋಗುತ್ತಿದ್ದ. ರೇಶನ್ನಿನಲ್ಲಿ ಕೆಂಪು ಜೋಳ ಬರುತ್ತಿತ್ತು. ಹಡಗಿನಲ್ಲಿ ಬಂದದ್ದು ಅನ್ನುತ್ತಿದ್ದರು. ಅದರ ರೊಟ್ಟಿ ಬಡಿದರೆ ಬಿರಿಯುತ್ತಿತ್ತು. ಅವ್ವ ಪ್ರತಿ ರೊಟ್ಟಿಗೊಮ್ಮೆ ಬಯ್ಯುತ್ತಿದ್ದಳು, ಯಾರನ್ನು ಎಂದು ಗೊತ್ತಾಗುತ್ತಿರಲಿಲ್ಲ. ಆ ಗುಮ್ಮಟದ ಗಂಡಸರೂ ಹೆಂಗಸರೂ ಬೆಳಕು ಹರಿಯುವ ಮೊದಲೇ ಎದ್ದು ಬರಗಾಲ ಕಾಮಗಾರಿಗೆ ಖಡಿ ಒಡೆಯಲು ಹೋಗುತ್ತಿದ್ದರು. ನಾನು ಬರೆದ ಹಾಡು ಒಗಟು ಎಲ್ಲ ಇತ್ತು, ನಿಜ. ಬೆಂಕಿ ಹಚ್ಚಿಕೊಂಡು ಅರ್ಧರಾತ್ರಿಯತನಕ ಹಾಡುತ್ತಿದ್ದುದು ಹೊದೆಯಲು ಸಾಕಷ್ಟು ಇಲ್ಲದಿದ್ದುದರಿಂದ ಎಂಬುದೂ ನಿಜವೇ ಇರಬೇಕು.

ನನ್ನ ಹೊಸ ಗೆಳೆಯರಲ್ಲಿ ಒಬ್ಬನಿದ್ದ. ನನಗಿಂತ ಒಂದು ವರ್ಷ ದೊಡ್ಡವ, ಗಿಡ್ಡ. ಅವನಿಗೆ ಊರು ತೋರಿಸುವ ಜಂಬ ನನ್ನದು. ಒಂದು ದಿನ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆ. ಮೂಲೆಯ ಮಿನಾರಿನ ಇಕ್ಕಟ್ಟಾದ ಮೆಟ್ಟಿಲನ್ನು ಏಳು ಅಂತಸ್ತು ಹತ್ತಿ ಗುಮ್ಮಟದ ಒಳಸುತ್ತಿಗೆ ಬಂದರೆ ಎಂಥವರಿಗೂ ಒಮ್ಮೆ ಉಸಿರು ಸಿಕ್ಕಿಕೊಳ್ಳುತ್ತದೆ. ಈ ಅಂಚಿನಿಂದ ಆ ಅಂಚಿಗೆ ಸುಮಾರು 38 ಮೀಟರ್, ನಡುವೆ ಒಂದು ಕಂಬವಿಲ್ಲ. ಒಂದಕ್ಕೊಂದು ಹೆಣೆದುಕೊಂಡ ಎಂಟು ಕಮಾನುಗಳ ಮೇಲೆ ಅಷ್ಟು ದೊಡ್ಡ ಗೋಳ ಕೂತಿದೆ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರಿನ ಅಂಚಿನವನ ಕಿವಿಗೆ ಮುಟ್ಟುತ್ತದೆ, ಕೂಗಿದರೆ ಮತ್ತೆ ಮತ್ತೆ ಮರಳುತ್ತದೆ. ನಾವೆಲ್ಲ ನಮ್ಮ ನಮ್ಮ ಹೆಸರು ಕೂಗಿದೆವು. ಅವನಿಗೆ ಕೂಗು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡೂ ಕೈ ಬಾಯಿಗೆ ಕಟ್ಟಿಕೊಂಡು "ರಾಮ್ಯಾ" ಎಂದು ಕೂಗಿದ. ಗುಮ್ಮಟ ರಾಮ್ಯಾ ರಾಮ್ಯಾ ಎಂದು ಸುತ್ತು ಹಾಕಿತು. ರಾಮ್ಯಾ ಯಾರೋ ಅಂದರೆ ಎತ್ತು ಅಂದ. ನಾವು ಬಿದ್ದು ಬಿದ್ದು ನಕ್ಕೆವು. ಆಮೇಲೆ ಎಲ್ಲರೂ ರಾಮ್ಯಾ ರಾಮ್ಯಾ ಎಂದು ಕೂಗಿ, ಕೆಳಗಿನ ಕಾವಲುಗಾರ ಮೇಲೆ ಬರುವತನಕ ಬಿಡಲಿಲ್ಲ. ಮೇವಿಲ್ಲದೆ ಮಾರಿದ ಎತ್ತು ಅದು ಎಂದು ಅವನೇ ಹೇಳಿದನೋ, ನಾನೇ ಈಗ ಸೇರಿಸುತ್ತಿದ್ದೇನೋ ಖಚಿತವಿಲ್ಲ. ಆ ಸಂಕ್ರಮಣದಲ್ಲಿ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಿಂದ ಅಪ್ಪ ಬೇಗ ಮರಳಿ ಬಂದು, "ನೋಡಾಕ ಆಗೂದಿಲ್ಲ" ಎಂದು ಅಂಗಿ ತೆಗೆದು ಗೂಟಕ್ಕೆ ಹಾಕಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಎಲುಬು ಎಣಿಸಬಹುದಾದ ದನಗಳು ಎಂದೇನೋ ಅವ್ವನಿಗೆ ಹೇಳುತ್ತಿದ್ದ. ನಾನು ಆ ಸಂಜೆ ಮದ್ದು ಸುಡುವುದನ್ನು ನೋಡಲು ಓಡಿದ್ದೆ.

ಆ ಮೆಟ್ಟಿಲ ಗೋಡೆಯ ಗಚ್ಚಿನ ಮೇಲೆ ಮೊಳೆಯಿಂದ ನನ್ನ ಹೆಸರನ್ನೂ ಇಸವಿಯನ್ನೂ ಕೆತ್ತಿದ್ದು ಅದೇ ದಿನ. ಸ್ಮಾರಕಗಳು ಆಗ ಮನೆಯಂಗಳದ ಹಾಗಿದ್ದವು, ಈಗ ಬೇಲಿ ಬಂದು ಪರಕೀಯವಾದವು ಎಂದು ನನ್ನ ವಾರಿಗೆಯವರು ಹಲುಬುವುದುಂಟು. ನಾನೂ ಹಲುಬಿದ್ದೇನೆ. ಬೇಲಿ ಯಾಕೆ ಬಂತು ಅಂದರೆ ಮೊಳೆ ಹಿಡಿದ ನನ್ನಂಥವರಿಂದ ಬಂತು. 1656ರಲ್ಲಿ ಮಹಮ್ಮದ್ ಆದಿಲ್‌ಶಾಹ ಸತ್ತು ಇಲ್ಲಿ ಮಲಗಿದ. ಮುನ್ನೂರು ವರ್ಷ ಉಳಿದ ಗಾರೆಯನ್ನು ಒಂದು ಮಧ್ಯಾಹ್ನದ ಬೇಸರಕ್ಕೆ ಕೆರೆದು ಹಾಕಿದವ ನಾನು. ಈ ಸಲ ಮೇಲೆ ಹತ್ತಲು ಮೊಣಕಾಲು ಒಪ್ಪಲಿಲ್ಲ. ಹೆಸರು ಇನ್ನೂ ಇದೆಯೋ, ಯಾರಾದರೂ ಗಾರೆ ಮೆತ್ತಿ ನನ್ನನ್ನು ಕಾಪಾಡಿದ್ದಾರೋ ತಿಳಿಯಲಿಲ್ಲ.

ಕೌದಿ ಆಯಿಯ ಮಾತು ಆ ಲೇಖನದಲ್ಲಿ ಬಂದಿರಲಿಲ್ಲ. ಚೆಂದದ ಚಿತ್ರಕ್ಕೆ ಅವಳು ಒಗ್ಗುತ್ತಿರಲಿಲ್ಲವೇನೋ.

ಅವಳೂ ಗುಮ್ಮಟದವಳೇ. ಖಡಿ ಒಡೆಯುವಷ್ಟು ತ್ರಾಣವಿಲ್ಲದ ಮುದುಕಿ. ಓಣಿಯ ಮನೆಮನೆಗೆ ಬಂದು "ಕೌದಿ ಹೊಲಿಸತೀರೇನ್ರೆವ್ವಾ" ಎಂದು ಕೇಳುತ್ತಿದ್ದಳು. ಅವ್ವ ಹಳೆಯ ಇಳಕಲ್ ಸೀರೆ, ಅಪ್ಪನ ಹರಿದ ಧೋತರ, ನನ್ನ ಸಣ್ಣದಾದ ಅಂಗಿ ಎಲ್ಲ ಗಂಟು ಕಟ್ಟಿ ತಂದಳು. ಮೂರು ಸೇರು ಜೋಳ ಕೊಡಿ ಅಂದಳು ಆಯಿ. ಅವ್ವ ಎರಡಕ್ಕೆ ಇಳಿಸಿದಳು. ನಮ್ಮ ಡಬ್ಬಿಯಲ್ಲೂ ಆಗ ಧಾರಾಳವಿರಲಿಲ್ಲ, ಇದನ್ನೂ ಹೇಳಬೇಕು. ಆದರೂ ಒಂದು ಸೇರಿನ ಆ ಚೌಕಾಸಿ ನನ್ನ ಕಿವಿಯಲ್ಲಿದೆ. ಎಂಟು ಹತ್ತು ದಿನ ಆಯಿ ನಮ್ಮ ಅಂಗಳದಲ್ಲಿ ಬಿಸಿಲು ಸರಿದ ಹಾಗೆ ತಾನೂ ಸರಿಯುತ್ತ ಕೂತು ಹೊಲಿದಳು. ಬೆಳಿಗ್ಗೆ ತುಳಸಿಕಟ್ಟೆಯ ಹತ್ತಿರ, ಮಧ್ಯಾಹ್ನ ಬಚ್ಚಲ ಗೋಡೆಗೆ ಒರಗಿ. ಹರವಿದ ಅರಿವೆಯ ಮೇಲೆ ಇರುವೆ ಸಾಲಿನಂತೆ ಹೊಲಿಗೆ ಹೊರಗಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬರುತ್ತಿತ್ತು. ನನ್ನ ಕೆಲಸ ಸೂಜಿಗೆ ದಾರ ಪೋಣಿಸಿ ಕೊಡುವುದು. ಅವಳ ಕಣ್ಣು ಮಂಜು.

ಮುಗಿಯುವ ದಿನ ಒಂದು ಮೂಲೆಯನ್ನು ಹೊಲಿಯದೆ ಉಳಿಸಿಕೊಂಡು, "ಅಕ್ಕಾರ, ಒಂದೀಟ ರೊಟ್ಟಿ ಕೊಡ್ರಿ" ಅಂದಳು. ಯಾಕೆಂದು ಅವ್ವ ಕೇಳಲಿಲ್ಲ, ಅವಳಿಗೆ ಗೊತ್ತಿತ್ತು. ಕೇಳಿದವ ನಾನು.

"ಕೌದಿ ಹಸದಿರಬಾರದಪಾ. ಹಸದ ಕೌದಿ ಹೊಚಗೊಂಡ್ರ ನಿದ್ದಿ ಬರೂದಿಲ್ಲ. ಮೂಲ್ಯಾಗ ಒಂದು ತುಣಕ ಇಟ್ಟು ಹೊಲೀಬೇಕು."

ಅವ್ವ ಒಂದು ಇಡೀ ರೊಟ್ಟಿ ತಂದುಕೊಟ್ಟಳು. ಬಿಳಿಜೋಳದ್ದು, ಅಪ್ಪನಿಗೆಂದು ತೆಗೆದಿಟ್ಟದ್ದು. ಆಯಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ನಮ್ಮ ಕಡೆ ಮಾಡಿ ಆ ಮೂಲೆ ಹೊಲಿದಳು. ಉಳಿದದ್ದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಜೋಳ ಅಳೆಸಿಕೊಂಡು ಹೋದಳು.

1973ರ ಮಳೆಗೆ ಅವರೆಲ್ಲ ಹೇಗೆ ಬಂದಿದ್ದರೋ ಹಾಗೇ ಹೋದರು. ಆ ನವೆಂಬರಿನಲ್ಲಿ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂತು, ಶಾಲೆಯಲ್ಲಿ ಪೇಢೆ ಹಂಚಿದರು. ಥಂಡಿ ಮತ್ತೆ ಬಂತು. ಗುಮ್ಮಟದ ಕೆಳಗೆ ಯಾರೂ ಇರಲಿಲ್ಲ. ಗೋಡೆಗೆ ಹೊಗೆಯ ಮಸಿ ಮಾತ್ರ ಹಾಗೇ ಇತ್ತು. ಒಂದು ಮಧ್ಯಾಹ್ನ ಅಂಗಳದಲ್ಲಿ ಕೌದಿ ಒಣಹಾಕಿದ್ದಾಗ ನನಗೆ ಮೂಲೆಯ ರೊಟ್ಟಿ ನೆನಪಾಯಿತು. ಒಂದು ವರ್ಷದಲ್ಲಿ ಅದು ಏನಾಗಿರಬಹುದು? ಪಿನ್ನಿನಿಂದ ಹೊಲಿಗೆ ಎಬ್ಬಿಸಿದೆ. ನಾಲ್ಕೂ ಮೂಲೆ ಎಬ್ಬಿಸಿದೆ. ನನ್ನ ಹಳೆಯ ಅಂಗಿಯ ಚೂರಿತ್ತು, ಧೋತರದ ಅಂಚಿತ್ತು. ರೊಟ್ಟಿಯ ಒಂದು ಹುಡಿಯೂ ಇರಲಿಲ್ಲ.

ದೊಡ್ಡ ಕಳವು ಹಿಡಿದವನಂತೆ ಅವ್ವನ ಹತ್ತಿರ ಓಡಿದೆ. ಆಯಿ ಮೋಸ ಮಾಡ್ಯಾಳ ನೋಡು ಅಂದೆ. ಅವ್ವ ಮೂಲೆಗಳನ್ನು ತಿರುವಿ ನೋಡಿದಳು. ಹೊಲಿಗೆ ಬಿಚ್ಚಿದ್ದಕ್ಕೆ ಬಯ್ಯುತ್ತಾಳೆ ಅಂದುಕೊಂಡಿದ್ದೆ.

"ಆಕಿ ಹೊಟ್ಟ್ಯಾಗರ ಹೋಗಿರತದ. ಬಿಡು" ಅಂದಳು.

ಸೂಜಿ ದಾರ ತರಿಸಿ ಅಲ್ಲೇ ಕೂತು ಮೂಲೆಗಳನ್ನು ಹೊಲಿದಳು. ಈಗ ಇಡೋಣೇನ್ ರೊಟ್ಟಿ ಎಂದು ಕೇಳಿದೆ. ಬ್ಯಾಡ ಅಂದಳು. ಆ ಕೌದಿಯಲ್ಲೇ ನಾನು ಮೆಟ್ರಿಕ್‌ತನಕ ಮಲಗಿದೆ, ಆಮೇಲೆ ಧಾರವಾಡದ ಹಾಸ್ಟೆಲಿಗೂ ಒಯ್ದೆ. ನಿದ್ದೆಗೆಂದೂ ಕೊರತೆಯಾಗಲಿಲ್ಲ. ಅದು ಎಲ್ಲಿ ಯಾವಾಗ ಹರಿದು ಹೋಯಿತೋ ಗೊತ್ತಿಲ್ಲ.

ಎಳ್ಳಮವಾಸ್ಯೆಯ ದಿನ ತಂಗಿಯ ಮನೆಯವರೊಂದಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆ. ದಾರಿಯುದ್ದಕ್ಕೂ ದ್ರಾಕ್ಷಿಯ ಚಪ್ಪರ. ಕೃಷ್ಣೆಯ ನೀರು ಕಾಲುವೆಯಲ್ಲಿ ಬಂದು ಒಣಗಿದ ಕೆರೆಗಳನ್ನೇ ತುಂಬಿಸಿದೆ. ಬರ ಎಂದರೆ ಗುಮ್ಮಟದ ಕೆಳಗೆ ಮಲಗುವುದು ಎಂದು ಈಗಿನ ಹುಡುಗರಿಗೆ ಹೇಳಬೇಕಾಗುತ್ತದೆ. ಅದು ಒಳ್ಳೆಯದೇ. ದ್ರಾಕ್ಷಿಯವರು ನನಗೆ ಸೀತನಿ ತಿನ್ನಿಸಲು ಬಿಳಿಜೋಳದ ಹೊಲ ಹುಡುಕಿಕೊಂಡು ಮೂರು ಕಿಲೋಮೀಟರು ಹೋಗಬೇಕಾಯಿತು ಎಂದು ಗೊಣಗಿದರೆ ಅದು ಹೊಟ್ಟೆ ತುಂಬಿದವನ ಗೊಣಗಾಟ. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ ಎಲ್ಲ ಇದ್ದವು. ಮಾಮಾನ ಮೊಮ್ಮಗ ತೆನೆ ತಿಕ್ಕಲು ರಬ್ಬರಿನ ಕೈಚೀಲ ಹಾಕಿಕೊಂಡಿದ್ದ. ಅಪ್ಪ ನೋಡಿದ್ದರೆ ತಾನೂ ಒಂದು ಜೋಡಿ ಕೇಳುತ್ತಿದ್ದ.

ಆ ಹೆಸರಿಲ್ಲದ ಗುಮ್ಮಟವನ್ನೂ ನೋಡಿ ಬಂದೆ. ಸುತ್ತ ತಂತಿಬೇಲಿ, ಒಂದು ನೀಲಿ ಫಲಕ. ಒಳಗಿನ ಗೋಡೆ ತಿಕ್ಕಿ ತೊಳೆದಿದ್ದರು. ಮಸಿ ಇರಲಿಲ್ಲ. ಇಂದಿನ ಕಣ್ಣಿಗೆ ಅದೊಂದು ಪುಟ್ಟ, ಚೊಕ್ಕ, ಯಾರೂ ಇಲ್ಲದ ಕಟ್ಟಡ. ಮಧ್ಯಾಹ್ನದ ಬಿಸಿಲು ಕಮಾನಿನಿಂದ ಒಳಬಂದು ನಾವು ಬೆಂಕಿ ಹಚ್ಚುತ್ತಿದ್ದ ಜಾಗದಲ್ಲೇ ಬಿದ್ದಿತ್ತು. ಬೇಲಿಗೆ ಕೈಯಿಟ್ಟು ನಿಂತೆ. ಒಳಗೆ ಹೋಗಬೇಕೆನ್ನಿಸಲಿಲ್ಲ.

ಹೊರಡುವ ಹಿಂದಿನ ಸಂಜೆ ಸಿದ್ಧೇಶ್ವರ ಗುಡಿಯ ಸುತ್ತ ಜಾತ್ರೆಯ ಗದ್ದಲ. ನಂದಿಕೋಲು ಹಾದುಹೋದ ಮೇಲೆ ಜನ ಅಂಗಡಿಗಳಿಗೆ ನುಗ್ಗಿದರು. ಮಹಿಳಾ ಸಂಘವೊಂದರ ಮಳಿಗೆಯಲ್ಲಿ ಕೌದಿಗಳು ಸಾಲಾಗಿ ತೂಗುತ್ತಿದ್ದವು. ಎಲ್ಲ ಹೊಸ ಬಟ್ಟೆ, ಒಂದಕ್ಕೊಂದು ಒಪ್ಪುವ ಬಣ್ಣ, ಎರಡೂವರೆ ಸಾವಿರ. ಚೌಕ ಚೌಕವಾಗಿ ಮಷೀನಿನ ಹೊಲಿಗೆ. ಬಯ್ಯಲು ಕಾರಣವಿಲ್ಲ, ನೋಡಲು ಚೆಂದವೇ ಇದ್ದವು. ಒಂದನ್ನು ಇಳಿಸಿಕೊಂಡು ಮೂಲೆಯನ್ನು ಹೆಬ್ಬೆರಳಿನಲ್ಲಿ ಒತ್ತಿದೆ. ಇನ್ನೊಂದು ಮೂಲೆ ಒತ್ತಿದೆ. ನನಗೇ ಗೊತ್ತಾಗದಂತೆ ನಾಲ್ಕೂ ಒತ್ತಿದ್ದೆ.

ಮಳಿಗೆಯ ಹುಡುಗಿ ನೋಡುತ್ತಿದ್ದಳು. "ಏನ್ ನೋಡತೀರಿ ಅಜ್ಜಾರ? ಹೊಲಿಗಿ ಗಟ್ಟಿ ಐತ್ರಿ."

"ಮೂಲ್ಯಾಗ ಏನರ ಇಟ್ಟೀರೇನವಾ?"

"ಮೂಲ್ಯಾಗ ಏನ್ ಇಡೂದ್ರಿ?" ಅವಳು ನಕ್ಕಳು. "ಒಳಗೆಲ್ಲ ಸ್ಪಂಜ್ ಹಾಕೀವ್ರಿ, ಮೆತ್ತಗ ಇರತೈತಿ. ತಗೊಂಡ ಹೋಗ್ರಿ, ಥಂಡಿ ಭಾಳ ಐತಿ."

ತೆಗೆದುಕೊಂಡೆ. ಚೌಕಾಸಿ ಮಾಡಲಿಲ್ಲ. ರಾತ್ರಿ ಬೆಂಗಳೂರಿನ ಬಸ್ಸಿನಲ್ಲಿ ಎ.ಸಿ. ಜೋರಾಗಿತ್ತು.